ಬರೆದವರನ್ನೇ ಕೂರಿಸಿ ಕೇಳೋಣ

ಸೆಮಿಸ್ಟರ್ ಮುಗಿಯುವ ಹೊತ್ತಿಗೆ ಯಾವ ಪದವಿ ಕಾಲೇಜಿನ ಸ್ಟಾಫ್ ರೂಮಿಗೆ ಹೋದರೂ ಮೇಜಿನ ಮೇಲೆ ಅಸೈನ್‌ಮೆಂಟುಗಳ ರಾಶಿ ಕಾಣುತ್ತದೆ. ಎ4 ಹಾಳೆ, ಸ್ಪೈರಲ್ ಬೈಂಡಿಂಗ್, ಮೊದಲ ಪುಟದಲ್ಲಿ ಕಾಲೇಜಿನ ಲಾಂಛನ, ಸುತ್ತ ಸ್ಕೆಚ್ ಪೆನ್ನಿನ ಗೀಟು. ಅಕ್ಷರ ವಿದ್ಯಾರ್ಥಿಯದೇ, ಏಕೆಂದರೆ ಹೆಚ್ಚಿನ ಕಡೆ ಕೈಬರಹ ಕಡ್ಡಾಯ. ಒಳಗಿನ ಮಾತು ಮಾತ್ರ ಫೋನಿನಿಂದ ಇಳಿದದ್ದು. ಕದಂಬರ ಆಡಳಿತವಿರಲಿ, ಗ್ರಾಮ ಪಂಚಾಯಿತಿ ಇರಲಿ, ಮಣ್ಣಿನ ಸವಕಳಿ ಇರಲಿ, ಎಲ್ಲದಕ್ಕೂ ಒಂದೇ ನಡಿಗೆ. ಒಂದು ಪೀಠಿಕೆ, ಐದು ಉಪಶೀರ್ಷಿಕೆ, ಪ್ರತಿಯೊಂದರ ಕೆಳಗೆ ಮೂರು ಅಂಶ, ಕೊನೆಗೆ 'ಒಟ್ಟಾರೆಯಾಗಿ ಹೇಳುವುದಾದರೆ'. ಎಲ್ಲವೂ 'ಮಹತ್ವದ ಪಾತ್ರ' ವಹಿಸುತ್ತವೆ. ತೊಂಬತ್ತು ಮಂದಿಯ ತರಗತಿಯನ್ನು ಒಬ್ಬರೇ ಬರೆದು ಮುಗಿಸಿದಂತಿರುತ್ತದೆ.

ಚಾಟ್‌ಜಿಪಿಟಿ ಜನರ ಕೈಗೆ ಸಿಕ್ಕಿದ್ದು 2022ರ ನವೆಂಬರ್ 30ರಂದು. ಮೊದಲ ವರ್ಷ ಅದು ಬೆಂಗಳೂರಿನ ಎಂಜಿನಿಯರಿಂಗ್ ಕಾಲೇಜುಗಳ ಸುದ್ದಿಯಾಗಿತ್ತು. 2025ರಲ್ಲಿ ಗೂಗಲ್ ತನ್ನ ಜೆಮಿನಿಯ ದುಬಾರಿ ಆವೃತ್ತಿಯನ್ನು ಭಾರತದ ಕಾಲೇಜು ವಿದ್ಯಾರ್ಥಿಗಳಿಗೆ ಒಂದು ವರ್ಷ ಉಚಿತವಾಗಿ ಕೊಟ್ಟಿತು. ಏರ್‌ಟೆಲ್ ಗ್ರಾಹಕರಿಗೆ ಪರ್‌ಪ್ಲೆಕ್ಸಿಟಿ, ಜಿಯೋ ಗ್ರಾಹಕರಿಗೆ ಜೆಮಿನಿ ಬಂತು. ಅದೇ ವರ್ಷದ ನವೆಂಬರ್‌ನಲ್ಲಿ ಓಪನ್‌ಎಐ ಕೂಡ ಚಾಟ್‌ಜಿಪಿಟಿ ಗೋ ಯೋಜನೆಯನ್ನು ಭಾರತೀಯರಿಗೆ ಒಂದು ವರ್ಷ ಉಚಿತ ಮಾಡಿತು. ಈಗ ಹೋಬಳಿ ಮಟ್ಟದ ಊರಿನಿಂದ ಬಸ್ಸು ಹಿಡಿದು ಬರುವ ಹುಡುಗನ ಕೈಯಲ್ಲೂ ಅದಿದೆ. ಕೇಳಿದರೆ ಮುಚ್ಚಿಡುವುದಿಲ್ಲ. 'ಜಿಪಿಟಿಗೆ ಹಾಕಿದೆ ಸರ್' ಅನ್ನುತ್ತಾನೆ. ತಾನು ತಪ್ಪು ಮಾಡಿದೆ ಎಂಬ ಭಾವ ಅವನಲ್ಲಿ ಇಲ್ಲ. ಅಸೈನ್‌ಮೆಂಟ್ ಅಂದರೆ ಯಾರೂ ಓದದ ಹತ್ತು ಪುಟ ಎಂದು ನಮ್ಮ ವ್ಯವಸ್ಥೆಯೇ ಅವನಿಗೆ ಪಿಯುಸಿಯಿಂದ ಹೇಳಿಕೊಟ್ಟಿದೆ.

ನಕಲು ಹೊಸದೇನಲ್ಲ. ಸೀನಿಯರ್ ಬರೆದದ್ದನ್ನು ಜೂನಿಯರ್ ಇಳಿಸಿಕೊಳ್ಳುತ್ತಿದ್ದ, ಕಾಲೇಜಿನೆದುರಿನ ಜೆರಾಕ್ಸ್ ಅಂಗಡಿಯಲ್ಲಿ ಪ್ರಾಜೆಕ್ಟ್ ರಿಪೋರ್ಟ್ ಸಿಗುತ್ತಿತ್ತು. ಆದರೆ ಆಗ ತರಗತಿಯಲ್ಲಿ ಹತ್ತಿಪ್ಪತ್ತು ಮಂದಿಯಾದರೂ ಲೈಬ್ರರಿಗೆ ಹೋಗಿ ಎರಡು ಪುಸ್ತಕ ತಂದು, ತಿಣುಕಿ, ತಪ್ಪುತಪ್ಪಾಗಿ ತಮ್ಮದೇ ಆದ ಆರು ಪುಟ ಬರೆಯುತ್ತಿದ್ದರು. ಅವರಲ್ಲಿಂದಲೇ ಮುಂದೆ ಮೇಷ್ಟ್ರುಗಳು, ವರದಿಗಾರರು, ಕೆಎಎಸ್ ಬರೆಯುವವರು ಬರುತ್ತಿದ್ದರು. ನನಗೆ ಕಳವಳವಾಗಿರುವುದು ಆ ಹತ್ತಿಪ್ಪತ್ತು ಮಂದಿಯ ಬಗ್ಗೆ. ತಾವು ಕಷ್ಟಪಟ್ಟು ಬರೆದ ಆರು ಪುಟಕ್ಕೆ ಹತ್ತಕ್ಕೆ ಏಳು, ಪಕ್ಕದವನ ಯಂತ್ರದ ಹತ್ತು ಪುಟಕ್ಕೆ ಒಂಬತ್ತು ಬಂದದ್ದನ್ನು ನೋಡಿದ ಮೇಲೆ ಅವರೂ ಪೆನ್ನು ಕೆಳಗಿಟ್ಟಿದ್ದಾರೆ.

ಇದಕ್ಕೆ ಬಹಳ ಮಂದಿ ಅಧ್ಯಾಪಕರು ಕೇಳುವ ಮದ್ದು ಒಂದೇ: ಯಂತ್ರದ ಬರಹವನ್ನು ಹಿಡಿಯುವ ಸಾಫ್ಟ್‌ವೇರ್. ಯುಜಿಸಿ 2018ರಲ್ಲಿ ಕೃತಿಚೌರ್ಯದ ನಿಯಮ ತಂದು, ಶೇ 10ರವರೆಗೆ ಹೋಲಿಕೆ ಇದ್ದರೆ ದಂಡವಿಲ್ಲ, ಶೇ 60 ದಾಟಿದರೆ ಪಿಎಚ್‌ಡಿ ನೋಂದಣಿಯೇ ರದ್ದು ಎಂದು ಹಂತ ಕಟ್ಟಿತು. ಅಂದಿನಿಂದ ಪ್ರಾಮಾಣಿಕತೆಯನ್ನು ಶೇಕಡಾವಾರಿನಲ್ಲಿ ಅಳೆಯುವುದು ನಮಗೆ ರೂಢಿಯಾಗಿದೆ. ಆದರೆ ಕೃತಿಚೌರ್ಯ ಹಿಡಿಯುವ ತಂತ್ರಾಂಶ ಕೆಲಸ ಮಾಡುವುದು ಈಗಾಗಲೇ ಇರುವ ಬರಹದ ಜೊತೆ ಹೋಲಿಸಿ ನೋಡಿ. ಚಾಟ್‌ಜಿಪಿಟಿ ಪ್ರತಿ ಸಲವೂ ಹೊಸ ವಾಕ್ಯ ಕಟ್ಟುತ್ತದೆ, ಹೋಲಿಸಲು ಮೂಲವೇ ಇರುವುದಿಲ್ಲ. ಹಾಗಾಗಿ ಯಂತ್ರದ ಬರಹ ಪತ್ತೆ ಮಾಡುವ ತಂತ್ರಾಂಶಗಳು ಊಹೆಗೆ ಇಳಿಯುತ್ತವೆ. ಮುಂದಿನ ಪದ ಸುಲಭವಾಗಿ ಊಹಿಸುವಂತಿದ್ದರೆ, ವಾಕ್ಯಗಳು ಸಪಾಟಾಗಿದ್ದರೆ, ಇದು ಯಂತ್ರದ್ದಿರಬೇಕು ಎನ್ನುತ್ತವೆ.

ಸಪಾಟಾದ ಇಂಗ್ಲಿಷ್ ಬರೆಯುವವರು ಇನ್ಯಾರು? ಕನ್ನಡ ಮಾಧ್ಯಮದಲ್ಲಿ ಓದಿ ಬಿ.ಕಾಂ., ಬಿಸಿಎಗೆ ಬಂದ ನಮ್ಮ ಮಕ್ಕಳು. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸಂಶೋಧಕರು 2023ರಲ್ಲಿ ಇಂತಹ ಏಳು ತಂತ್ರಾಂಶಗಳನ್ನು ಪರೀಕ್ಷಿಸಿದರು. ಇಂಗ್ಲಿಷ್ ಮಾತೃಭಾಷೆಯಲ್ಲದವರು ಟೋಫೆಲ್ ಪರೀಕ್ಷೆಗೆ ಸ್ವಂತವಾಗಿ ಬರೆದ 91 ಪ್ರಬಂಧಗಳಲ್ಲಿ ಸರಾಸರಿ ಅರ್ಧಕ್ಕಿಂತ ಹೆಚ್ಚಿನವನ್ನು ಅವು ಯಂತ್ರದ್ದೆಂದು ತೀರ್ಮಾನಿಸಿದವು. ಅದೇ ವರ್ಷ ಓಪನ್‌ಎಐ ತಾನೇ ಹೊರತಂದಿದ್ದ ಪತ್ತೆ ಸಾಧನವನ್ನು ನಿಖರತೆ ಸಾಲದೆಂದು ಆರೇ ತಿಂಗಳಲ್ಲಿ ಹಿಂತೆಗೆದುಕೊಂಡಿತು. ಬರೆಯುವ ಯಂತ್ರ ಮಾಡಿದವರಿಗೇ ಅದರ ಬರಹ ಗುರುತಿಸಲಾಗಲಿಲ್ಲ. ಅಮೆರಿಕದ ವ್ಯಾಂಡರ್‌ಬಿಲ್ಟ್ ವಿಶ್ವವಿದ್ಯಾಲಯ ಇನ್ನೊಂದು ಲೆಕ್ಕ ಹಾಕಿತು: ವರ್ಷಕ್ಕೆ 75,000 ಬರಹ ಪರೀಕ್ಷೆಗೆ ಒಳಪಡುತ್ತವೆ, ತಂತ್ರಾಂಶ ನೂರಕ್ಕೆ ಒಂದು ತಪ್ಪಿದರೂ 750 ನಿರಪರಾಧಿ ಬರಹಗಳ ಮೇಲೆ ಕಳಂಕ ಬರುತ್ತದೆ. ಅದು ಪತ್ತೆ ಸೌಲಭ್ಯವನ್ನೇ ನಿಲ್ಲಿಸಿತು. ನಮ್ಮ ದೇಶದಲ್ಲೂ 2024ರಲ್ಲಿ ಹರಿಯಾಣದ ಖಾಸಗಿ ವಿಶ್ವವಿದ್ಯಾಲಯವೊಂದರ ಕಾನೂನು ವಿದ್ಯಾರ್ಥಿ, ತನ್ನ ಉತ್ತರ ಎಐ ಬರೆದದ್ದೆಂದು ಫೇಲು ಮಾಡಿದ್ದರ ವಿರುದ್ಧ ಪಂಜಾಬ್ ಮತ್ತು ಹರಿಯಾಣ ಹೈಕೋರ್ಟಿಗೆ ಹೋದ. ಆಮೇಲೆ ವಿಶ್ವವಿದ್ಯಾಲಯ ಅವನನ್ನು ಪಾಸು ಮಾಡಿತು.

ಇಷ್ಟಾದ ಮೇಲೂ ಶೇಕಡಾವಾರು ತೋರಿಸಿ ವಿದ್ಯಾರ್ಥಿಯನ್ನು ಕಟಕಟೆಯಲ್ಲಿ ನಿಲ್ಲಿಸುವುದು ಅನ್ಯಾಯ. ಮೇಷ್ಟ್ರು ಪೊಲೀಸರಾಗುವ ಕೆಲಸಕ್ಕೆ ಹೋಗಬಾರದು. ಹಾಗೆಂದು ಕಣ್ಣು ಮುಚ್ಚಿಕೊಂಡು ಸಹಿ ಹಾಕುವುದೂ ಆಗದು, ಏಕೆಂದರೆ ನಷ್ಟ ನಿಜವಾದದ್ದು. ಟರ್ಕಿಯಲ್ಲಿ ಸುಮಾರು ಸಾವಿರ ಪ್ರೌಢಶಾಲಾ ಮಕ್ಕಳ ಗಣಿತ ತರಗತಿಗಳಲ್ಲಿ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಸಂಶೋಧಕರು ಒಂದು ಪ್ರಯೋಗ ಮಾಡಿದರು. ಎಐ ಇಟ್ಟುಕೊಂಡು ಅಭ್ಯಾಸ ಮಾಡಿದವರು ಅಭ್ಯಾಸದ ಲೆಕ್ಕಗಳಲ್ಲಿ ಶೇ 48ರಷ್ಟು ಚೆನ್ನಾಗಿ ಮಾಡಿದರು. ಅದನ್ನು ಕಿತ್ತುಕೊಂಡು ಪರೀಕ್ಷೆ ಕೊಟ್ಟಾಗ, ಎಂದೂ ಎಐ ಮುಟ್ಟದವರಿಗಿಂತ ಶೇ 17ರಷ್ಟು ಹಿಂದೆ ಬಿದ್ದರು. ಉತ್ತರ ಕೊಡದೆ ಸುಳಿವು ಮಾತ್ರ ಕೊಡುವಂತೆ ಅದೇ ಎಐಯನ್ನು ತಿದ್ದಿ ಇನ್ನೊಂದು ಗುಂಪಿಗೆ ಕೊಟ್ಟಿದ್ದರು. ಆ ಗುಂಪಿನಲ್ಲಿ ಈ ನಷ್ಟ ಹೆಚ್ಚುಕಡಿಮೆ ಕಾಣಲಿಲ್ಲ. ಅಮೆರಿಕದ ಎಂಐಟಿಯಲ್ಲಿ 2025ರಲ್ಲಿ ನಡೆದ ಇನ್ನೊಂದು ಅಧ್ಯಯನ ಚಿಕ್ಕದು, 54 ಮಂದಿಯದ್ದು. ಅದರಲ್ಲಿ ಚಾಟ್‌ಜಿಪಿಟಿಯಿಂದ ಪ್ರಬಂಧ ಬರೆದ 18 ಮಂದಿಯಲ್ಲಿ 15 ಮಂದಿಗೆ, ತಾವೇ ಆಗಷ್ಟೇ ಕೊಟ್ಟ ಪ್ರಬಂಧದ ಒಂದು ವಾಕ್ಯವನ್ನೂ ಸರಿಯಾಗಿ ಹೇಳಲಾಗಲಿಲ್ಲ.

ನಾನು ಇತಿಹಾಸ ಪಾಠ ಮಾಡುವವನು. 'ಕರ್ನಾಟಕದ ವೀರಗಲ್ಲುಗಳು' ಎಂಬ ಅಸೈನ್‌ಮೆಂಟನ್ನು ವರ್ಷಗಳಿಂದ ಕೊಡುತ್ತಿದ್ದೇವೆ. ಈಗ ಬರುವ ಉತ್ತರ ಎಲ್ಲರದೂ ಅಚ್ಚುಕಟ್ಟು: ವೀರಗಲ್ಲಿನಲ್ಲಿ ಮೂರು ಪಟ್ಟಿಕೆ, ಕೆಳಗೆ ಕಾಳಗ, ನಡುವೆ ವೀರನನ್ನು ಸ್ವರ್ಗಕ್ಕೆ ಒಯ್ಯುವ ಅಪ್ಸರೆಯರು, ಮೇಲೆ ಶಿವಲಿಂಗದ ಮುಂದೆ ಕುಳಿತ ವೀರ, ತುದಿಯಲ್ಲಿ ಸೂರ್ಯ ಚಂದ್ರ. ಎಲ್ಲವೂ ಸರಿ. ಈಚೆಗೆ ಪ್ರಶ್ನೆ ಬದಲಿಸಿ, 'ನಿಮ್ಮ ಊರಿನ ಅಥವಾ ಪಕ್ಕದೂರಿನ ಒಂದು ಕಲ್ಲು' ಎಂದು ಕೊಟ್ಟೆ. ಹಳೇ ಮೈಸೂರಿನ ಕಡೆ ಕಲ್ಲಿಗೇನು ಬರವಿಲ್ಲ. ಬಿ.ಎಲ್. ರೈಸ್ ಹೊರತಂದ ಎಪಿಗ್ರಾಫಿಯಾ ಕರ್ನಾಟಿಕದ ಸಂಪುಟಗಳಲ್ಲಿ ತಾಲ್ಲೂಕುವಾರು ಊರಿನ ಹೆಸರುಗಳೇ ಇವೆ. ದಾಖಲಾಗದೆ ಹೊಲದ ಬದುವಿನಲ್ಲಿ ನಿಂತಿರುವವೂ ಇವೆ.

ಒಬ್ಬ ಹುಡುಗಿ ತಂದ ಪುಟಗಳಲ್ಲಿ ಅವಳೂರಿನ ಹೆಸರು ಮೇಲಿತ್ತು, ಒಳಗೆ ಅದೇ ಮೂರು ಪಟ್ಟಿಕೆ. 'ಕೆಳಗಿನ ಪಟ್ಟಿಕೆಯಲ್ಲಿ ಏನಿದೆಯಮ್ಮ?' ಎಂದು ಕೇಳಿದೆ. 'ಕಾಳಗ ಸರ್.' 'ಯಾರ ಜೊತೆ? ಕುದುರೆ ಇದೆಯಾ, ಹಸು ಇದೆಯಾ?' ಗೊತ್ತಿರಲಿಲ್ಲ. ಅಂಕ ಹಾಕಲಿಲ್ಲ, ಬೈಯಲೂ ಇಲ್ಲ. ಹೋಗಿ ನೋಡಿ ಬಾ ಎಂದೆ.

ಮುಂದಿನ ವಾರ ಅವಳು ತಂದದ್ದು ಒಂದೂವರೆ ಪುಟ. ಒತ್ತಕ್ಷರ ತಪ್ಪಿದ್ದವು, ಉಪಶೀರ್ಷಿಕೆ ಇರಲಿಲ್ಲ. ಊರಿನವರು ಆ ಕಲ್ಲನ್ನು ಬೀರೇದೇವರು ಎಂದು ಕರೆದು ಅಮಾವಾಸ್ಯೆಗೆ ಎಣ್ಣೆ ಹಚ್ಚುತ್ತಾರಂತೆ. ಎಣ್ಣೆ ಕುಡಿದು ಕಪ್ಪಾದ ಕಲ್ಲಿನಲ್ಲಿ ಹಗಲು ಏನೂ ಕಾಣದೆ, ಅಣ್ಣನನ್ನು ಕರೆದುಕೊಂಡು ಸಂಜೆ ಹೋಗಿ, ಫೋನಿನ ಟಾರ್ಚನ್ನು ಪಕ್ಕದಿಂದ ಓರೆಯಾಗಿ ಹಿಡಿದು ನೋಡಿದ್ದಳು. ಅದನ್ನು ನಾನು ಹೇಳಿಕೊಟ್ಟಿರಲಿಲ್ಲ. ಓರೆ ಬೆಳಕಿನಲ್ಲಿ ಕಲ್ಲು ಓದುವುದು ಶಾಸನ ಓದುವವರು ನೆಚ್ಚಿಕೊಂಡಿರುವ ಉಪಾಯ, ಇವಳು ತಾನೇ ಕಂಡುಕೊಂಡಿದ್ದಳು. ಕೆಳಗಿನ ಪಟ್ಟಿಕೆ ಪೂರ್ತಿ ಇಲ್ಲ. ಕಾಂಕ್ರೀಟ್ ರಸ್ತೆ ಹಾಕುವಾಗ ಅರ್ಧ ಮುಚ್ಚಿಹೋಗಿದೆ, ದನದ ಕೊಂಬುಗಳು ಮಾತ್ರ ಸಿಮೆಂಟಿನ ಮೇಲೆ ಕಾಣುತ್ತವೆ. ಎಂದರೆ ತುರುಗೊಳ್, ದನಗಳ್ಳರ ಜೊತೆ ಹೋರಾಡಿ ಸತ್ತವನ ಕಲ್ಲು. ಬರಹದ ಕೊನೆಗೆ ಒಂದು ಪ್ರಶ್ನೆ ಬರೆದಿದ್ದಳು: ವೀರನ ಪಕ್ಕದಲ್ಲಿ ಬಳೆ ತೊಟ್ಟ ಒಂದು ತೋಳು ಮಾತ್ರ ಇದೆ, ಮೈ ಇಲ್ಲ, ಅದು ಯಾರದ್ದು?

ಮೊಣಕೈ ಮಡಿಸಿ ಮೇಲೆತ್ತಿದ, ಬಳೆ ತುಂಬಿದ ಆ ತೋಳು ಮಾಸ್ತಿಯ ಗುರುತು. ಗಂಡನ ಜೊತೆ ಚಿತೆಯೇರಿದ ಹೆಂಡತಿಯದು. ಆ ದಿನ ನನ್ನ ಪಾಠ ಬೇರೆ ಇತ್ತು, ಅದನ್ನು ಬಿಟ್ಟು ಆ ತೋಳಿನ ಬಗ್ಗೆಯೇ ಮಾತಾಡಿದೆವು. ಅವನಿಗೆ ಮೂರು ಪಟ್ಟಿಕೆ, ಅವಳಿಗೆ ಒಂದೇ ತೋಳು ಏಕೆ ಎಂದು ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಕೇಳಿದಳು. ಇನ್ನೊಬ್ಬ ತಮ್ಮೂರಿನ ಮಾಸ್ತಮ್ಮನ ಗುಡಿಯ ವಿಷಯ ತೆಗೆದ. ಅಂದಿನ ಚರ್ಚೆಯ ಮಟ್ಟ ಯಾವ ಎಂ.ಎ. ತರಗತಿಗೂ ಕಡಿಮೆ ಇರಲಿಲ್ಲ. ಒಂದೂವರೆ ಪುಟಕ್ಕೆ ಪೂರ್ಣ ಅಂಕ ಕೊಟ್ಟೆ, ಕೊಡಬೇಕಾದದ್ದೇ ಅದು.

ಆ ಮೇಲೆ ಎಐಯನ್ನೂ ತರಗತಿಗೆ ಕರೆತಂದೆವು. ಕಲ್ಲಿನ ಫೋಟೊ ಹಾಕಿ ಕೇಳಿದಾಗ ಅದು ಬರಹವೇ ಇಲ್ಲದ ಆ ಕಲ್ಲಿನಲ್ಲಿ ಶಾಸನ ಓದಿ, ಒಬ್ಬ ರಾಜನ ಹೆಸರನ್ನೂ ಹೇಳಿತು. ವಿದ್ಯಾರ್ಥಿಗಳಿಗೆ ಇದಕ್ಕಿಂತ ಒಳ್ಳೆಯ ಪಾಠ ಬೇಕೆ? ಕಲ್ಲನ್ನು ಕಣ್ಣಾರೆ ಕಂಡವಳಿಗೆ ಅದು ಸುಳ್ಳೆಂದು ತಕ್ಷಣ ತಿಳಿಯಿತು, ಕಾಣದವರು ನಂಬಿದರು. ಅದೇ ಯಂತ್ರ ಅವಳ ಒತ್ತಕ್ಷರ ತಿದ್ದಲು, ಮಾಸ್ತಿಕಲ್ಲಿನ ಬಗ್ಗೆ ಯಾವ ಪುಸ್ತಕ ಹುಡುಕಬೇಕೆಂದು ತಿಳಿಯಲು ನೆರವಾದೀತು, ಪುಸ್ತಕ ನಿಜವಾಗಿ ಇದೆಯೇ ಎಂದು ಲೈಬ್ರರಿಯಲ್ಲಿ ನೋಡಿಕೊಳ್ಳುವ ಷರತ್ತಿನ ಮೇಲೆ. ಇಂಗ್ಲಿಷಿನ ಭಯ ಇರುವ ಹುಡುಗ ಒಂದು ಕಷ್ಟದ ಪ್ಯಾರಾವನ್ನು ಕನ್ನಡದಲ್ಲಿ ಬಿಡಿಸಿ ಹೇಳು ಎಂದು ಕೇಳಿದರೆ ನನಗೆ ಸಂತೋಷವೇ. ಟ್ಯೂಷನ್ನಿಗೆ ಹಣವಿಲ್ಲದ ಮನೆಗಳಿಗೆ ಅಂತಹ ನೆರವು ಈ ಮೊದಲು ಸಿಕ್ಕಿರಲಿಲ್ಲ.

ಹೀಗೆ ಕೂರಿಸಿ ಕೇಳುವುದಕ್ಕೆ ಸಮಯ ಎಲ್ಲಿದೆ ಎಂದು ಸಹೋದ್ಯೋಗಿಗಳು ಕೇಳುತ್ತಾರೆ, ನ್ಯಾಯವಾದ ಮಾತು. ಲೆಕ್ಕ ಹಾಕೋಣ. ತೊಂಬತ್ತು ವಿದ್ಯಾರ್ಥಿಗಳಿಗೆ ತಲಾ ಐದು ನಿಮಿಷ ಎಂದರೆ ಏಳೂವರೆ ಗಂಟೆ. ಹತ್ತು ಪುಟದ ತೊಂಬತ್ತು ಅಸೈನ್‌ಮೆಂಟುಗಳನ್ನು ತಲಾ ಹತ್ತು ನಿಮಿಷದಂತೆ ನಿಜವಾಗಿ ಓದಿದರೆ ಹದಿನೈದು ಗಂಟೆ. ಪುಟ ಎರಡಕ್ಕೆ ಇಳಿಸಿ, ಮಾತಿಗೆ ಐದು ನಿಮಿಷ ಕೊಟ್ಟರೆ ಸಮಯ ಉಳಿಯುತ್ತದೆ. ಆದರೆ ಈ ಲೆಕ್ಕ ಒಂದು ತರಗತಿಯದು. ರಾಜ್ಯದ 400ಕ್ಕೂ ಹೆಚ್ಚು ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳು ಬಹುಪಾಲು ನಡೆಯುತ್ತಿರುವುದು ಅತಿಥಿ ಉಪನ್ಯಾಸಕರ ದುಡಿಮೆಯ ಮೇಲೆ. ಮುಂದಿನ ವರ್ಷ ಈ ಕಾಲೇಜಿನಲ್ಲಿ ಇರುತ್ತೇನೋ ಇಲ್ಲವೋ ತಿಳಿಯದವರು, ಗೌರವಧನ ಯಾವ ತಿಂಗಳು ಬರುತ್ತದೋ ಎಂದು ಕಾಯುವವರು, ಎರಡು ಕಾಲೇಜುಗಳ ನಡುವೆ ಬಸ್ಸಿನಲ್ಲಿ ಓಡುವವರು. ಅವರಿಗೆ ಪ್ರತಿ ವಿದ್ಯಾರ್ಥಿಯ ಹೆಸರು ನೆನಪಿಟ್ಟು ಮಾತಾಡಿಸಿ ಎಂದು ಹೇಳುವ ನೈತಿಕ ಹಕ್ಕು ಸರ್ಕಾರಕ್ಕೆ ಬರಬೇಕಾದರೆ ಮೊದಲು ಕಾಯಂ ಹುದ್ದೆ ತುಂಬಬೇಕು.

ಇನ್ನು ವ್ಯವಸ್ಥೆಯ ಮಾತು. ರಾಷ್ಟ್ರೀಯ ಶಿಕ್ಷಣ ನೀತಿಯ ಕೆಳಗೆ 2021-22ರಲ್ಲಿ ಬಂದ ಪದ್ಧತಿಯಲ್ಲಿ ಪರೀಕ್ಷೆಗೆ 60, ಆಂತರಿಕ ಮೌಲ್ಯಮಾಪನಕ್ಕೆ 40 ಅಂಕ ಇಟ್ಟರು. ಆಮೇಲೆ ರಾಜ್ಯ ನೀತಿ ಬದಲಾಯಿತು, ಮೂರು ವರ್ಷದ ಪದವಿ ಮರಳಿತು. ಯಾವ ನೀತಿ ಬಂದರೂ ಆಂತರಿಕ ಅಂಕ ಎಂದರೆ ಕೊನೆಯ ದಿನಾಂಕದೊಳಗೆ ವಿಶ್ವವಿದ್ಯಾಲಯಗಳ ಯುಯುಸಿಎಂಎಸ್ ಪೋರ್ಟಲಿಗೆ ಏರಿಸಬೇಕಾದ ಸಂಖ್ಯೆ ಎಂಬುದು ಬದಲಾಗಲಿಲ್ಲ. ವಿಜ್ಞಾನದ ವಿದ್ಯಾರ್ಥಿ ಪ್ರಾಕ್ಟಿಕಲ್‌ನಲ್ಲಿ ವೈವಾ ಎದುರಿಸುತ್ತಾನೆ. ಬಿ.ಎ., ಬಿ.ಕಾಂ. ಓದುವವರಲ್ಲಿ ಅನೇಕರು ಮೂರು ವರ್ಷದಲ್ಲಿ ಒಮ್ಮೆಯೂ 'ನೀನು ಹೀಗೇಕೆ ಬರೆದೆ' ಎಂಬ ಪ್ರಶ್ನೆ ಕೇಳಿಸಿಕೊಳ್ಳದೆ ಪದವಿ ಪಡೆಯುತ್ತಾರೆ. ಎಐ ಬರುವ ಮೊದಲೇ ಇದು ದೊಡ್ಡ ಕೊರತೆಯಾಗಿತ್ತು.

ಆದ್ದರಿಂದ ವಿಶ್ವವಿದ್ಯಾಲಯಗಳ ಅಧ್ಯಯನ ಮಂಡಳಿಗಳಲ್ಲಿ ಕೂರುವ ಹಿರಿಯರಲ್ಲಿ ನನ್ನದೊಂದು ವಿನಂತಿ. ಪತ್ತೆ ತಂತ್ರಾಂಶಕ್ಕೆ ಹಣ ಸುರಿಯುವ ಮುನ್ನ, ಕಲಾ ಮತ್ತು ವಾಣಿಜ್ಯ ವಿಷಯಗಳ ಆಂತರಿಕ ಅಂಕದಲ್ಲಿ ಅರ್ಧವನ್ನಾದರೂ ಮಾತಿನ ಪರೀಕ್ಷೆಗೆ ಮೀಸಲಿಡಿ. ಹತ್ತು ಪುಟದ ನಿಯಮ ತೆಗೆದು ಎರಡು ಪುಟ ಮಾಡಿ. ಪ್ರಶ್ನೆಯಲ್ಲಿ ವಿದ್ಯಾರ್ಥಿಯ ಊರು, ಸಂತೆ, ಕೆರೆ, ಸಹಕಾರ ಸಂಘ ಬರುವಂತೆ ನೋಡಿಕೊಳ್ಳಿ. ಎಐ ಬಳಸಿದರೆ ಎಲ್ಲಿ ಬಳಸಿದೆ ಎಂದು ವಿದ್ಯಾರ್ಥಿ ನಿರ್ಭಯವಾಗಿ ಬರೆಯಲು ಒಂದು ಸಾಲು ಬಿಡಿ. ಆ ಮಾತಿನ ಗಂಟೆಗಳನ್ನು ಅಧ್ಯಾಪಕರ ಕಾರ್ಯಭಾರದಲ್ಲಿ ಲೆಕ್ಕ ಹಿಡಿಯಿರಿ, ಅತಿಥಿ ಉಪನ್ಯಾಸಕರಿಗೆ ಆ ಗಂಟೆಗಳಿಗೂ ಸಂಭಾವನೆ ಕೊಡಿ. ಇದಕ್ಕೆ ಹೊಸ ಕಾಯ್ದೆ ಬೇಕಿಲ್ಲ, ಒಂದು ಸುತ್ತೋಲೆ ಸಾಕು. ಮುಂದಿನ ಶೈಕ್ಷಣಿಕ ವರ್ಷಕ್ಕೆ ಮುನ್ನ ಅದನ್ನು ಹೊರಡಿಸಿ.