ಸಂಕಟಕ್ಕೊಂದು ಥರ್ಮಾಮೀಟರ್

ಮೈಸೂರಿನ ಆಸ್ಪತ್ರೆಯೊಂದರ ಕ್ಯಾನ್ಸರ್ ವಿಭಾಗದಲ್ಲಿ, ಆಪ್ತಸಮಾಲೋಚಕಿಯ ಮೇಜಿನ ಮೇಲೆ ಆ ಹಾಳೆ ಇತ್ತು. ಅದರಲ್ಲಿ ಜ್ವರ ನೋಡುವ ಥರ್ಮಾಮೀಟರಿನ ಚಿತ್ರ. ಬುಡದಲ್ಲಿ ಸೊನ್ನೆ, ತುದಿಯಲ್ಲಿ ಹತ್ತು. ಹೋದ ವಾರದಿಂದ ಇವತ್ತಿನವರೆಗೆ ಮನಸ್ಸಿನ ಸಂಕಟ ಎಷ್ಟಿತ್ತೋ ಆ ಅಂಕಿಗೆ ಸುತ್ತು ಹಾಕಬೇಕು, ಅಷ್ಟೇ.

ಎದುರಿಗೆ ಕೂತಿದ್ದವರು ನಿವೃತ್ತ ಹೈಸ್ಕೂಲ್ ಮೇಷ್ಟ್ರು ಮತ್ತು ಅವರ ಹೆಂಡತಿ. ಪ್ರಾಸ್ಟೇಟ್ ಬಯಾಪ್ಸಿಯ ರಿಪೋರ್ಟ್ ಆಗಷ್ಟೇ ಕೈಸೇರಿತ್ತು. ಹೆಸರು, ಊರು ಬರೆಯುವುದಿಲ್ಲ ಎಂಬ ಮಾತಿನ ಮೇಲೆ ನನ್ನನ್ನೂ ಕೂರಲು ಬಿಟ್ಟಿದ್ದರು.

‘ಹೇಗಿದ್ದೀರಿ ಸರ್?’

‘ನನಗೇನಾಗಿದೆಯಮ್ಮಾ, ಚೆನ್ನಾಗೇ ಇದೀನಿ. ಇವಳೇ ಸುಮ್ನೆ ಗಾಬರಿ ಮಾಡ್ಕೊಂಡಿದಾಳೆ.’

ಆಪ್ತಸಮಾಲೋಚಕಿ ಏನೂ ಹೇಳದೆ ಹಾಳೆಯನ್ನು ಮುಂದಕ್ಕೆ ಸರಿಸಿದರು. ಮೇಷ್ಟ್ರು ಜೇಬಿನಿಂದ ತಮ್ಮದೇ ಪೆನ್ನು ತೆಗೆದು, ಮೇಲಿನಿಂದ ಕೆಳಗಿನವರೆಗೆ ಒಂದು ಸಲ ಓದಿ, ಎಂಟಕ್ಕೆ ಅಚ್ಚುಕಟ್ಟಾಗಿ ಸುತ್ತು ಹಾಕಿದರು.

‘ಎಂಟೇನ್ರೀ? ನಂಗೊಂದ್ ಮಾತು ಹೇಳ್ಲಿಲ್ವಲ್ಲ!’

‘ಹೇಳಿದ್ರೆ ನೀನು ಅಳ್ತಿದ್ದೆ.’

ಆಮೇಲೆ ಮೇಷ್ಟ್ರು ಬಹಳ ಹೊತ್ತು ಮಾತಾಡಿದರು. ಸಾವಿನ ಮಾತು ಹೆಚ್ಚು ಬರಲಿಲ್ಲ. ಮೊಮ್ಮಗುವಿನ ನಾಮಕರಣ ಹತ್ತಿರ ಬಂದಿತ್ತು. ಆಪರೇಷನ್ ಆದಮೇಲೆ ಮೂತ್ರ ಹಿಡಿತಕ್ಕೆ ಸಿಗದೆ, ಬೀಗರೆದುರು ಪಂಚೆ ಒದ್ದೆಯಾದರೆ ಗತಿಯೇನು? ರಾತ್ರಿ ನಿದ್ದೆಗೆಡಿಸುತ್ತಿದ್ದದ್ದು ಈ ಪ್ರಶ್ನೆ. ಇದನ್ನು ಯೂರಾಲಜಿಸ್ಟ್ ಹತ್ತಿರ ಕೇಳಿರಲಿಲ್ಲ, ಮಗನ ಹತ್ತಿರವಂತೂ ಕೇಳುವ ಹಾಗೇ ಇರಲಿಲ್ಲ.

ಮನೆಗೆ ಬಂದು ಆ ಹಾಳೆಯ ಜಾತಕ ಹುಡುಕಿದೆ. ಸಿಕ್ಕಿದ್ದನ್ನು ಓದುತ್ತ ಮೈ ಜುಮ್ಮೆಂದಿತು. ಇಂದು ಜಗತ್ತಿನ ಹಲವು ಭಾಷೆಗಳಲ್ಲಿ, ಎಲ್ಲ ಬಗೆಯ ಕ್ಯಾನ್ಸರ್ ರೋಗಿಗಳಿಗೂ ಬಳಸುವ ಈ ‘ಡಿಸ್ಟ್ರೆಸ್ ಥರ್ಮಾಮೀಟರ್’ ಹುಟ್ಟಿದ್ದೇ ಪ್ರಾಸ್ಟೇಟ್ ಕ್ಯಾನ್ಸರಿನ ಗಂಡಸರಿಗಾಗಿ! ನ್ಯೂಯಾರ್ಕಿನ ಮೆಮೊರಿಯಲ್ ಸ್ಲೋನ್ ಕೆಟರಿಂಗ್ ಆಸ್ಪತ್ರೆಯಲ್ಲಿ 1977ರಿಂದ ಕ್ಯಾನ್ಸರ್ ರೋಗಿಗಳ ಮನೋವೈದ್ಯಕೀಯ ಸೇವೆ ಕಟ್ಟಿದವರು ಡಾ. ಜಿಮ್ಮಿ ಹಾಲಂಡ್ ಎಂಬ ವೈದ್ಯೆ. ಮನಸ್ಸಿನ ಮಾತೆತ್ತಿದರೆ ವಯಸ್ಸಾದ ಗಂಡಸರು ಬಾಯಿಗೆ ಬೀಗ ಹಾಕಿಕೊಳ್ಳುತ್ತಾರೆ ಎಂಬುದು ಅವರಿಗೆ ಚೆನ್ನಾಗಿ ಗೊತ್ತಿತ್ತು. ಆದರೆ ನೋವು ಹತ್ತಕ್ಕೆ ಎಷ್ಟು ಎಂದು ಕೇಳಿದರೆ ಅದೇ ಗಂಡಸರು ಥಟ್ಟನೆ ಅಂಕಿ ಹೇಳುತ್ತಿದ್ದರು. ಹಾಗಿದ್ದರೆ ಸಂಕಟವನ್ನೂ ಹಾಗೆಯೇ ಕೇಳಬಾರದೇಕೆ? ಡಾ. ಆಂಡ್ರ್ಯೂ ರಾತ್ ಮತ್ತು ಹಾಲಂಡ್ ಅವರ ತಂಡ ಪ್ರಾಸ್ಟೇಟ್ ರೋಗಿಗಳ ಮೇಲೆ ಇದನ್ನು ಪರೀಕ್ಷಿಸಿ 1998ರಲ್ಲಿ ಪ್ರಕಟಿಸಿತು. ಈಗ ನಾಲ್ಕು ಅಥವಾ ಅದಕ್ಕಿಂತ ಹೆಚ್ಚು ಬಂದರೆ ರೋಗಿಯನ್ನು ಕೂರಿಸಿ ಮಾತಾಡಿಸಬೇಕು ಎಂಬ ನಿಯಮವಿದೆ. ಥರ್ಮಾಮೀಟರಿನ ಜೊತೆಗೇ ಒಂದು ಪಟ್ಟಿಯೂ ಇರುತ್ತದೆ: ದುಡ್ಡು, ನಿದ್ದೆ, ಮಕ್ಕಳು, ಮೂತ್ರ, ದಾಂಪತ್ಯ, ದೇವರ ಮೇಲಿನ ನಂಬಿಕೆ. ಯಾವುದು ಕಾಡುತ್ತಿದೆಯೋ ಅದಕ್ಕೆ ಗುರುತು ಹಾಕಿದರಾಯಿತು.

ನನಗೆ ಈ ಪಟ್ಟಿಯೇ ಹೆಚ್ಚು ಇಷ್ಟವಾಯಿತು. ಅಂಕಿ ಎಂಟು ಎಂದಷ್ಟೇ ಹೇಳುತ್ತದೆ, ನಾಮಕರಣದ ಪಂಚೆಯವರೆಗೆ ಬರುವುದು ಪಟ್ಟಿಯಿಂದಲೇ. ಕೇಳಿಸಿಕೊಳ್ಳಲು ಒಬ್ಬ ಮನುಷ್ಯ ಇಲ್ಲದ ಕಡೆ ಈ ಹಾಳೆ ಫೈಲಿಗೆ ಸೇರುವ ಇನ್ನೊಂದು ಕಾಗದ ಮಾತ್ರ.

ಅಂಕಿಗಳು ಹೆದರಿಸುವುದೂ ಉಂಟು. ಮೇಷ್ಟ್ರ ರಿಪೋರ್ಟಿನಲ್ಲಿ, ಕ್ಯಾನ್ಸರಿನ ಉಗ್ರತೆ ಹೇಳುವ ಗ್ಲೀಸನ್ ಸ್ಕೋರ್ ‘3+3=6’ ಎಂದಿತ್ತು. ಹತ್ತಕ್ಕೆ ಆರು ಎಂದರೆ ಅರ್ಧ ದಾರಿ ದಾಟಿತು ಎಂದೇ ಅವರು ಲೆಕ್ಕ ಹಾಕಿದ್ದರು. ಅಮೆರಿಕದ ಮಿನಿಯಾಪೊಲಿಸ್‌ನ ಡಾ. ಡೊನಾಲ್ಡ್ ಗ್ಲೀಸನ್ 1966ರಲ್ಲಿ ರೂಪಿಸಿದ ಲೆಕ್ಕ ಇದು. ಈಗಿನ ಬಯಾಪ್ಸಿ ರಿಪೋರ್ಟುಗಳಲ್ಲಿ ಆರಕ್ಕಿಂತ ಕಡಿಮೆ ಸ್ಕೋರ್ ಬರುವುದೇ ಇಲ್ಲವೆನ್ನಬಹುದು. ಆರೆಂದರೆ ಅತ್ಯಂತ ಮಂದಗತಿಯದು. ಈ ಗೊಂದಲ ತಪ್ಪಿಸಲೆಂದೇ 2014ರಲ್ಲಿ ತಜ್ಞರು ಒಂದರಿಂದ ಐದರವರೆಗಿನ ‘ಗ್ರೇಡ್ ಗ್ರೂಪ್’ ಒಪ್ಪಿಕೊಂಡರು. ಆರು ಬಂದವರು ಮೊದಲನೇ ಗ್ರೂಪಿಗೆ ಸೇರುತ್ತಾರೆ. ರಿಪೋರ್ಟ್ ಕೈಗೆ ಬಂದವರು ಡಾಕ್ಟರನ್ನು ಮೊದಲು ಕೇಳಬೇಕಾದದ್ದು ಇದೇ: ನನ್ನದು ಎಷ್ಟನೇ ಗ್ರೂಪು, ಪ್ರಾಸ್ಟೇಟ್ ಗ್ರಂಥಿಯಿಂದ ಹೊರಗೆ ಹರಡಿದೆಯೇ?

ಹರಡಿಲ್ಲ ಎಂದಾದರೆ ಯೋಚಿಸಲು ಸಮಯವಿದೆ. ಬ್ರಿಟನ್ನಿನ ‘ಪ್ರೊಟೆಕ್ಟ್’ ಅಧ್ಯಯನ ಇಂಥ 1,643 ಗಂಡಸರನ್ನು ಮೂರು ಗುಂಪು ಮಾಡಿತು: ಬರೀ ನಿಗಾ, ಆಪರೇಷನ್, ರೇಡಿಯೇಷನ್. ಹದಿನೈದು ವರ್ಷದ ಫಲಿತಾಂಶ 2023ರಲ್ಲಿ ಬಂತು. ಮೂರು ಗುಂಪಿನಲ್ಲೂ ನೂರಕ್ಕೆ ಸುಮಾರು 97 ಜನ ಈ ಕ್ಯಾನ್ಸರಿನಿಂದ ಸತ್ತಿರಲಿಲ್ಲ. ನಾಳೆ ಬೆಳಿಗ್ಗೆಯೇ ನಿರ್ಧರಿಸಬೇಕೆಂಬ ಧಾವಂತ ಇವರಿಗೆ ಬೇಕಿಲ್ಲ. ಇನ್ನೊಬ್ಬ ಡಾಕ್ಟರನ್ನು ಕಂಡು ಬರಬಹುದು. ನಮ್ಮಲ್ಲಿ ಮೂಳೆಗೆ ಹರಡಿದ ಮೇಲೆ ಬರುವವರು ಬಹಳ, ಅವರಿಗೆ ಈ ಮಾತು ಹೊಂದುವುದಿಲ್ಲ. ಅವರ ಚಿಕಿತ್ಸೆ ತಡವಾಗಬಾರದು. ಅವರಿಗೆ ಕೊಡುವ ಹಾರ್ಮೋನ್ ಇಂಜೆಕ್ಷನ್ನೇ ಮೈಗೆ ಬಿಸಿ ಹತ್ತಿಸುತ್ತದೆ, ಮನಸ್ಸನ್ನು ಕುಗ್ಗಿಸುತ್ತದೆ. ಅಪ್ಪ ಯಾಕೋ ಮಂಕಾಗಿದ್ದಾರೆ ಎನಿಸಿದರೆ ಅದು ಧೈರ್ಯಗೇಡಿತನವಲ್ಲ. ಔಷಧಿಯ ಪರಿಣಾಮವೂ ಇರಬಹುದು, ಡಾಕ್ಟರಿಗೆ ಹೇಳಲೇಬೇಕು.

ಧೈರ್ಯವಾಗಿರಿ ಎಂಬ ಮಾತು ನನಗೆ ಸೇರುವುದಿಲ್ಲ. ಸ್ವೀಡನ್ನಿನಲ್ಲಿ 1961ರಿಂದ 2004ರವರೆಗಿನ ಪ್ರಾಸ್ಟೇಟ್ ಕ್ಯಾನ್ಸರ್ ರೋಗಿಗಳ ದಾಖಲೆ ಪರಿಶೀಲಿಸಿದಾಗ, ರೋಗ ಗೊತ್ತಾದ ಮೊದಲ ವಾರದಲ್ಲೇ ಆತ್ಮಹತ್ಯೆಯ ಅಪಾಯ ಇತರರಿಗಿಂತ ಎಂಟು ಪಟ್ಟಿನಷ್ಟು ಕಂಡಿತು. ಸಂಖ್ಯೆಯಲ್ಲಿ ಅಂಥವರು ತೀರಾ ವಿರಳ. ಆದರೂ ಚಿಕಿತ್ಸೆ ಇನ್ನೂ ಶುರುವಾಗದ ಆ ದಿನಗಳಲ್ಲಿ ‘ಧೈರ್ಯ ತಗೊಳ್ಳಿ’ ಎಂದು ಬೆನ್ನು ತಟ್ಟಿ ಹೊರಟುಬಿಡಬಾರದು, ಜೊತೆಗೆ ಕೂರಬೇಕು. ಬದುಕು ಸಾಕು ಎಂಬ ಮಾತು ಬಾಯಿಗೆ ಬಂದರೆ ಒಬ್ಬರನ್ನೇ ಬಿಡದೆ ಡಾಕ್ಟರಿಗೆ ತಿಳಿಸಬೇಕು. ಸರ್ಕಾರದ ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಉಚಿತವಾಗಿ ಫೋನ್ ಮಾಡಬಹುದು, ಕನ್ನಡದಲ್ಲೇ ಮಾತಾಡುತ್ತಾರೆ.

ನಮ್ಮ ಮನೆಗಳಲ್ಲಿ ಇನ್ನೊಂದು ಪದ್ಧತಿಯಿದೆ. ಮಗ ರೋಗಿಗಿಂತ ಮೊದಲು ಒಳಗೆ ಬಂದು, ‘ಅಪ್ಪನಿಗೆ ಹೇಳ್ಬೇಡಿ ಡಾಕ್ಟ್ರೇ, ಇನ್‌ಫೆಕ್ಷನ್ ಅಂತ ಹೇಳಿದೀವಿ’ ಎನ್ನುತ್ತಾನೆ. ಪ್ರೀತಿಯಿಂದಲೇ ಹಾಗೆ ಮಾಡುತ್ತಾರೆ, ಒಪ್ಪುತ್ತೇನೆ. ಅಮೆರಿಕದಲ್ಲೂ 1961ರ ಸಮೀಕ್ಷೆಯೊಂದರಲ್ಲಿ ನೂರಕ್ಕೆ 90 ವೈದ್ಯರು ಕ್ಯಾನ್ಸರ್ ಎಂದು ರೋಗಿಗೆ ತಿಳಿಸದಿರುವುದೇ ಲೇಸು ಎಂದಿದ್ದರು. 1979ರಲ್ಲಿ ಮತ್ತೆ ಕೇಳಿದಾಗ 97 ಜನ ತಿಳಿಸುತ್ತೇವೆ ಎಂದರು. ರೋಗಿಯೇ ಮುಚ್ಚಿಡುವುದೂ ಉಂಟು. ಫ್ರಾನ್ಸ್ ಅಧ್ಯಕ್ಷರಾಗಿದ್ದ ಮಿತ್ತೆರಾಂಗೆ ಪ್ರಾಸ್ಟೇಟ್ ಕ್ಯಾನ್ಸರ್ ಮೂಳೆಗೆ ಹರಡಿದೆ ಎಂದು ಗೊತ್ತಾದದ್ದು ಚುನಾವಣೆ ಗೆದ್ದ ವರ್ಷವೇ, 1981ರಲ್ಲಿ. ಅವರು ಹತ್ತು ವರ್ಷಕ್ಕೂ ಮೇಲೆ ದೇಶದಿಂದ ಅದನ್ನು ಮುಚ್ಚಿಟ್ಟರು. ಸಹಜ ಆರೋಗ್ಯವೆಂಬ ಪ್ರಕಟಣೆಗಳು ತಪ್ಪದೆ ಬರುತ್ತಿದ್ದವು. ಅವರು ತೀರಿಕೊಂಡದ್ದು 1996ರಲ್ಲಿ. ಇದಕ್ಕಿಂತ ನಮ್ಮ ಶಿವರಾಜ್‌ಕುಮಾರ್ ನಡೆ ನನಗೆ ಹೆಚ್ಚು ಹಿಡಿಸಿತು. ಅವರದು ಮೂತ್ರಕೋಶದ ಕ್ಯಾನ್ಸರ್. ಅಮೆರಿಕದಲ್ಲಿ ಆಪರೇಷನ್ ಮುಗಿಸಿ, 2025ರ ಹೊಸ ವರ್ಷದ ದಿನ ಹೆಂಡತಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು, ತಮಗೂ ಭಯವಾಗಿತ್ತೆಂದು ಕ್ಯಾಮೆರಾ ಮುಂದೆಯೇ ಹೇಳಿದರು. ಅಷ್ಟು ದೊಡ್ಡ ನಟ ಹೇಳಿದ ಮೇಲೆ ಹಳ್ಳಿಯ ರೈತನಿಗೂ ಹೇಳಲು ಸಲೀಸಾಗುತ್ತದೆ.

ಹೆಂಡತಿಯರನ್ನು ಕೇಳುವವರೇ ಇಲ್ಲ. ಗಂಡನಿಗಿಂತ ಹೆಂಡತಿಯ ಕಳವಳವೇ ಹೆಚ್ಚಿರುತ್ತದೆ ಎಂದು 1990ರ ದಶಕದಲ್ಲೇ ಅಧ್ಯಯನಗಳು ತೋರಿಸಿವೆ. ಊಟದ ಪಥ್ಯದಿಂದ ಹಿಡಿದು ನೆಂಟರ ಫೋನಿನವರೆಗೆ ಎಲ್ಲ ಅವರದೇ ತಲೆಗೆ. ಮೇಷ್ಟ್ರ ಹೆಂಡತಿಗೂ ಒಂದು ಹಾಳೆ ಕೊಟ್ಟದ್ದನ್ನು ಕಂಡು ನನಗೆ ನಿಜಕ್ಕೂ ಸಮಾಧಾನವಾಯಿತು.

ಚಿಕಿತ್ಸೆ ಮುಗಿದರೂ ಪಿಎಸ್‌ಎ ರಕ್ತಪರೀಕ್ಷೆ ಬಿಡುವುದಿಲ್ಲ, ಕೆಲವು ತಿಂಗಳಿಗೊಮ್ಮೆ ಬರುತ್ತಲೇ ಇರುತ್ತದೆ. ಆ ಪರೀಕ್ಷೆಯ ತಳಮಳವನ್ನು ಅಳೆಯಲೂ ರಾತ್ ಅವರ ತಂಡ ಆಮೇಲೆ ಬೇರೆಯೇ ಪ್ರಶ್ನಾವಳಿ ಮಾಡಿತು. ಆಪ್ತಸಮಾಲೋಚಕಿ ಕೊಡುವ ಸಲಹೆ ಸರಳ: ರಕ್ತ ಕೊಡುವ ದಿನವೇ ಡಾಕ್ಟರ ಭೇಟಿಯ ದಿನವನ್ನೂ ಗೊತ್ತು ಮಾಡಿಕೊಳ್ಳಿ, ಮೊಬೈಲಿಗೆ ಬಂದ ರಿಪೋರ್ಟನ್ನು ರಾತ್ರಿ ಒಬ್ಬರೇ ತೆರೆಯಬೇಡಿ.