ಕೆಟ್ಟು ನಿಂತ ಸ್ಕಿಡ್ ಸ್ಟಿಯರ್ ಲೋಡರು: ದೋಷಪರೀಕ್ಷೆ ಮತ್ತು ಸಾಗಿಸುವ ಕ್ರಮ

ಎತ್ತು ಹೊಲದಲ್ಲಿ ಮಲಗಿಬಿಟ್ಟರೆ ತಿಳಿವಳಿಕೆಯುಳ್ಳ ರೈತನು ಬಾರುಕೋಲನ್ನೆತ್ತುವುದಿಲ್ಲ. ಮೊದಲು ನೊಗವನ್ನು ಕಳಚುತ್ತಾನೆ. ಆಮೇಲೆ ಬಾಯಿ, ಗೊರಸು, ಹೊಟ್ಟೆಗಳನ್ನು ನೋಡುತ್ತಾನೆ. ಕಾರಣವು ತಿಳಿದ ತರುವಾಯವೇ ಅದನ್ನು ಎಬ್ಬಿಸುವ ಯತ್ನಕ್ಕೆ ಕೈಹಾಕುತ್ತಾನೆ. ಯಂತ್ರವು ನಿಂತಾಗಲಾದರೋ ಅದೇ ರೈತನು ಈ ಕ್ರಮವನ್ನು ತಲೆಕೆಳಗು ಮಾಡುವುದುಂಟು. ಮೊದಲು ಹಗ್ಗ ಕಟ್ಟಿ ಎಳೆಸುತ್ತಾನೆ, ಕಾರಣವನ್ನು ಆಮೇಲೆ ವಿಚಾರಿಸುತ್ತಾನೆ. ಗೊಬ್ಬರ, ಮೇವು, ಕೆರೆಯ ಹೂಳು ಮೊದಲಾದುವನ್ನು ತುಂಬಲು ಸ್ಕಿಡ್ ಸ್ಟಿಯರ್ ಲೋಡರನ್ನು ಸ್ವಂತಕ್ಕಾಗಲಿ ಬಾಡಿಗೆಗಾಗಲಿ ತರಿಸುವ ಭೂಮಾಲಿಕರು, ಆ ಯಂತ್ರದ ವಿಷಯದಲ್ಲಿ ಇಂತಹ ಆತುರವು ಸಣ್ಣ ದೋಷವನ್ನು ದೊಡ್ಡ ನಷ್ಟವಾಗಿ ಬೆಳೆಸುತ್ತದೆಂಬುದನ್ನು ಮನಗಾಣಬೇಕು. ಕೆಲವು ವೇಳೆ ಅದು ಪ್ರಾಣಕ್ಕೂ ಎರವಾಗುತ್ತದೆ.

ಒಂದು ಮಳೆಗಾಲದ ಸಂಜೆ ಈ ಲೇಖಕನು ಹೈನುಗಾರಿಕೆಯ ಒಂದು ತೋಟಕ್ಕೆ ಹೋಗಿದ್ದಾಗ ಕಂಡುದನ್ನು ಹೇಳುವೆನು. ಕೊಟ್ಟಿಗೆಯ ಬಾಗಿಲಿನಲ್ಲಿಯೇ ಲೋಡರು ನಿಂತುಹೋಗಿತ್ತು. ಗೊಬ್ಬರ ತುಂಬಿದ ಬಕೆಟ್ಟು ತಲೆಯ ಮೇಲಕ್ಕೆ ಎತ್ತಿದಂತೆಯೇ ಇತ್ತು. ಒಳಗೆ ಹಸುಗಳು, ಹೊರಗೆ ಹಾಲು ಕರೆಯಲು ಬಂದ ಆಳುಗಳು. ಯಜಮಾನರು ಟ್ರಾಕ್ಟರಿಗೆ ಹಗ್ಗ ಕಟ್ಟಿಸುತ್ತಿದ್ದರು. ಚಾಲಕನು ಮೇಲೆತ್ತಿದ್ದ ಬಕೆಟ್ಟಿನ ಕೆಳಗಿನಿಂದ ಇಳಿದುಬರಲು ಒಂದು ಕಾಲನ್ನು ಹೊರಗಿಟ್ಟಿದ್ದನು. ಇಬ್ಬರನ್ನೂ ಕೂಗಿ ತಡೆಯಬೇಕಾಯಿತು. ಏಕೆ ತಡೆಯಬೇಕಾಯಿತೆಂಬುದು ಯಂತ್ರದ ರಚನೆಯನ್ನು ಬಲ್ಲವರಿಗೆ ಸ್ಪಷ್ಟವಾಗುತ್ತದೆ.

ಯಂತ್ರದ ರಚನೆ

ಈ ಯಂತ್ರವು ಹುಟ್ಟಿದ್ದೇ ಕೊಟ್ಟಿಗೆಯ ಕೆಲಸಕ್ಕಾಗಿ. 1957ರಲ್ಲಿ ಅಮೆರಿಕಾ ದೇಶದ ಮಿನೆಸೋಟಾ ಪ್ರಾಂತದ ರಾತ್ಸೆ ಎಂಬ ಊರಿನ ಲೂಯಿಸ್ ಕೆಲರ್ ಮತ್ತು ಸಿರಿಲ್ ಕೆಲರ್ ಎಂಬ ಸೋದರರು, ಟರ್ಕಿ ಕೋಳಿಗಳ ಮನೆಯನ್ನು ಶುಚಿಮಾಡುವುದಕ್ಕಾಗಿ ಮೂರು ಚಕ್ರದ ಒಂದು ಚಿಕ್ಕ ಲೋಡರನ್ನು ಕಟ್ಟಿದರು. ಮರುವರ್ಷ ಮೆಲ್ರೋ ಕಂಪೆನಿಯವರು ಅದನ್ನು ಕೈಗೊಂಡರು. 1960ರಲ್ಲಿ ನಾಲ್ಕು ಚಕ್ರದ ಮಾದರಿಯು ಹೊರಟಿತು. 1962ರಿಂದ ಬಾಬ್‌ಕ್ಯಾಟ್ ಎಂಬ ಹೆಸರು ರೂಢಿಗೆ ಬಂದಿತು.

ಇದರ ಚಕ್ರಗಳು ಟ್ರಾಕ್ಟರಿನ ಮುಂಗಾಲಿಗಳಂತೆ ಓರೆಯಾಗಿ ತಿರುಗುವುದಿಲ್ಲ. ಎಡಮಗ್ಗುಲಿನ ಎರಡು ಚಕ್ರಗಳು ಒಂದು ಜೋಡಿ, ಬಲಮಗ್ಗುಲಿನವು ಇನ್ನೊಂದು ಜೋಡಿ. ಒಂದು ಜೋಡಿಯು ವೇಗವಾಗಿಯೂ ಇನ್ನೊಂದು ನಿಧಾನವಾಗಿಯೂ ಉರುಳಿದರೆ ಯಂತ್ರವು ಜಾರಿಕೊಂಡು ತಿರುಗುತ್ತದೆ. ಸಾಮಾನ್ಯವಾಗಿ ಎಂಜಿನ್ನು ಎರಡು ಎಣ್ಣೆಯ ಪಂಪುಗಳನ್ನು ನಡೆಸುತ್ತದೆ. ಅವುಗಳಿಂದ ಒತ್ತಡದಲ್ಲಿ ಹೊರಟ ಎಣ್ಣೆಯು ಮಗ್ಗುಲಿಗೊಂದರಂತೆ ಇರುವ ಹೈಡ್ರಾಲಿಕ್ ಮೋಟರುಗಳನ್ನು ತಿರುಗಿಸುತ್ತದೆ. ಮೋಟರುಗಳು ಸರಪಳಿಯ ಮೂಲಕ ಚಕ್ರಗಳನ್ನು ನಡೆಸುತ್ತವೆ. ಎಂಜಿನ್ನು ನಿಂತರೆ ಎಣ್ಣೆಯು ಕೊಳವೆಗಳಲ್ಲಿ ಬಂಧಿತವಾಗುವುದರಿಂದ ಚಕ್ರಗಳು ಸರಾಗವಾಗಿ ಉರುಳುವುದಿಲ್ಲ. ಅನೇಕ ಮಾದರಿಗಳಲ್ಲಿ ಬ್ರೇಕು ಕೂಡ ತಾನಾಗಿಯೇ ಹಿಡಿದುಕೊಳ್ಳುತ್ತದೆ. ಆದಕಾರಣ ಈ ಯಂತ್ರವನ್ನು ತಳ್ಳಿ ಚಾಲೂ ಮಾಡುವುದು ಅಸಾಧ್ಯ. ಚಕ್ರಗಳನ್ನು ಬಲಾತ್ಕಾರವಾಗಿ ಉರುಳಿಸುತ್ತ ಎಳೆದರೆ ಪಂಪೂ ಮೋಟರೂ ಕೆಡುತ್ತವೆ.

ಇನ್ನೊಂದು ವಿಶೇಷವೇನೆಂದರೆ, ಚಾಲಕನು ಹತ್ತಿ ಇಳಿಯುವುದು ಯಂತ್ರದ ಮುಂಭಾಗದಿಂದ. ಎತ್ತುವ ತೋಳುಗಳು ಅವನ ಎರಡು ಮಗ್ಗುಲಲ್ಲಿಯೂ ಚಲಿಸುತ್ತವೆ. ತೋಳು ಮೇಲಿದ್ದಾಗ ಇಳಿಯುವವನು ಅದರ ಕೆಳಗೆ ನುಸುಳಿಯೇ ಬರಬೇಕು. ಆಗ ತೋಳು ಕುಸಿದರೆ ಬದುಕುವ ಆಸೆಯಿಲ್ಲ.

ನಿಂತೊಡನೆ ಮಾಡತಕ್ಕದ್ದು

ಮೊದಲು ಜನರನ್ನೂ ಮಕ್ಕಳನ್ನೂ ದೂರ ಸರಿಸಬೇಕು. ಚಾಲಕನು ಆಸನದಲ್ಲಿ ಕುಳಿತಿದ್ದಂತೆಯೇ ತೋಳನ್ನು ನೆಲಕ್ಕಿಳಿಸಬೇಕು. ಎಂಜಿನ್ನು ನಿಂತಿದ್ದರೂ ತೋಳನ್ನು ಮೆಲ್ಲನೆ ಇಳಿಸುವ ಸಾಧನವು ಅನೇಕ ಮಾದರಿಗಳಲ್ಲಿ ಚಾಲಕನ ಕೈಗೆಟಕುವಂತೆ ಇರುತ್ತದೆ. ಅದರ ಉಪಯೋಗವನ್ನು ಚಾಲಕನಿಗೆ ಮುಂಚಿತವಾಗಿಯೇ ಕಲಿಸಿರಬೇಕು. ತೋಳು ಇಳಿಯದಿದ್ದರೆ ಅವನು ಕುಳಿತೇ ಇರಲಿ. ಇನ್ನೊಬ್ಬನು ತಯಾರಕರು ಕೊಟ್ಟಿರುವ ಲೋಹದ ಆಧಾರವನ್ನು ಹೊಂದಿಸಿದ ಮೇಲೆ ಇಳಿಯಲಿ, ಇಲ್ಲವೆ ಹಿಂಬದಿಯಲ್ಲಿ ತುರ್ತು ಕಿಟಕಿಯಿದ್ದರೆ ಅದರಿಂದ ಹೊರಬರಲಿ. ಮರದ ತುಂಡು, ಕಲ್ಲು, ಇಟ್ಟಿಗೆಗಳು ಆ ಆಧಾರಕ್ಕೆ ಬದಲಾಗಲಾರವು. ಇಳಿದ ತರುವಾಯ ಬೀಗದಕೈಯನ್ನು ತೆಗೆದಿಟ್ಟುಕೊಂಡು, ಚಕ್ರಗಳಿಗೆ ಅಡ್ಡಗಟ್ಟೆ ಕೊಡತಕ್ಕದ್ದು.

ದೋಷಪರೀಕ್ಷೆ

1. ಕೀಲಿಯನ್ನು ತಿರುಗಿಸಿದರೂ ಎಂಜಿನ್ನು ಅಲುಗದಿದ್ದರೆ: ಆಸನದ ಅಡ್ಡಪಟ್ಟಿಯು ಸರಿಯಾಗಿ ಇಳಿದಿದೆಯೇ, ಹಿಡಿಗಳು ನಡುಸ್ಥಾನದಲ್ಲಿವೆಯೇ ಎಂದು ನೋಡಬೇಕು. ಇವು ಸರಿಯಿಲ್ಲದಿದ್ದರೆ ಚಾಲೂ ಆಗದಂತೆ ರಕ್ಷಣೆಯ ಏರ್ಪಾಡನ್ನು ಅನೇಕ ಯಂತ್ರಗಳಲ್ಲಿ ಮಾಡಿರುತ್ತಾರೆ. ಅದನ್ನು ತಂತಿ ಜೋಡಿಸಿ ವಂಚಿಸುವುದು ಮಹಾಪರಾಧ. ತರುವಾಯ ಬ್ಯಾಟರಿಯ ತುದಿಗಳು ಸಡಿಲವಾಗಿವೆಯೇ, ಕಿಲುಬು ಹಿಡಿದಿವೆಯೇ, ಫ್ಯೂಸು ಸುಟ್ಟಿದೆಯೇ ಎಂಬುದನ್ನು ಪರೀಕ್ಷಿಸಬೇಕು. ಬೇರೆ ಬ್ಯಾಟರಿಯಿಂದ ವಿದ್ಯುತ್ತು ಕೊಡುವುದಾದರೆ ಧನಕ್ಕೆ ಧನವನ್ನೇ ಸೇರಿಸಿ, ಋಣದ ಕೊನೆಯ ಜೋಡಣೆಯನ್ನು ಬ್ಯಾಟರಿಯಿಂದ ದೂರವಾದ ಎಂಜಿನ್ನಿನ ಲೋಹಕ್ಕೆ ಕೊಡಬೇಕು. ಬ್ಯಾಟರಿಯ ಬಳಿ ಕಿಡಿ ಹಾರಿದರೆ ಅದರ ಅನಿಲವು ಸಿಡಿಯಬಹುದು.

2. ಎಂಜಿನ್ನು ತಿರುಗಿಯೂ ಹೊತ್ತಿಕೊಳ್ಳದಿದ್ದರೆ: ದೋಷವು ಹೆಚ್ಚಾಗಿ ಡೀಸೆಲ್ಲಿನ ದಾರಿಯಲ್ಲಿರುತ್ತದೆ. ತೊಟ್ಟಿಯಲ್ಲಿ ಡೀಸೆಲ್ಲು ಇದೆಯೇ, ಫಿಲ್ಟರಿನ ತಳದಲ್ಲಿ ನೀರು ನಿಂತಿದೆಯೇ, ಕೊಳವೆಯಲ್ಲಿ ಗಾಳಿ ಸೇರಿದೆಯೇ ಎಂದು ಕ್ರಮವಾಗಿ ನೋಡಬೇಕು. ನೀರನ್ನು ತಳದ ತಿರುಪಿನಿಂದ ಬಿಟ್ಟು, ಕೈಪಂಪಿನಿಂದ ಗುಳ್ಳೆಗಳು ನಿಲ್ಲುವವರೆಗೆ ಗಾಳಿಯನ್ನು ಹೊರಡಿಸಬೇಕು. ಅಧಿಕ ಒತ್ತಡದ ಕೊಳವೆಗಳನ್ನು ಮಾತ್ರ ಸಡಿಲಿಸಕೂಡದು. ಕಾಯಿಸುವ ಪ್ಲಗ್ಗುಗಳುಳ್ಳ ಎಂಜಿನ್ನಿಗೆ ಈಥರನ್ನು ಚಿಮುಕಿಸಕೂಡದು.

3. ಓಡುತ್ತಿದ್ದು ಬಲಗುಂದಿದರೆ: ಹೊಗೆಯ ಬಣ್ಣವನ್ನು ಗಮನಿಸಬೇಕು. ಕಪ್ಪು ಹೊಗೆಯು ಸಾಧಾರಣವಾಗಿ ಗಾಳಿಯ ಕೊರತೆಯನ್ನು, ಎಂದರೆ ಗಾಳಿಶೋಧಕದಲ್ಲಿ ಧೂಳು ಕಟ್ಟಿರುವುದನ್ನು, ಇಲ್ಲವೆ ಅತಿಭಾರವನ್ನು ತೋರಿಸುತ್ತದೆ. ನೀಲಿ ಹೊಗೆಯು ಎಂಜಿನ್ನಿನ ಎಣ್ಣೆಯು ಸುಡುತ್ತಿರುವ ಗುರುತು. ಬಿಳಿ ಹೊಗೆಯು ನಿಲ್ಲದಿದ್ದರೆ ಡೀಸೆಲ್ಲು ಪೂರ್ತಿಯಾಗಿ ಉರಿಯುತ್ತಿಲ್ಲ, ಅಥವಾ ನೀರು ಒಳಹೊಕ್ಕಿದೆ.

4. ಕಾವೇರಿ ನಿಂತರೆ: ರೇಡಿಯೇಟರಿನ ಮುಚ್ಚಳವನ್ನು ಬಿಸಿಯಿರುವಾಗ ತೆರೆಯಲೇಬಾರದು. ತಣಿದ ಮೇಲೆ ನೀರಿನ ಮಟ್ಟವನ್ನೂ ಬೆಲ್ಟನ್ನೂ ನೋಡಿ, ಸಂದುಗಳಲ್ಲಿ ಸಿಕ್ಕಿರುವ ಹೊಟ್ಟು, ಧೂಳುಗಳನ್ನು ತೆಗೆಯಬೇಕು.

5. ಎಂಜಿನ್ನು ಓಡಿಯೂ ಯಂತ್ರವು ಕದಲದಿದ್ದರೆ: ಬ್ರೇಕು, ಅಡ್ಡಪಟ್ಟಿ, ಹೈಡ್ರಾಲಿಕ್ ಎಣ್ಣೆಯ ಮಟ್ಟ ಇವುಗಳನ್ನು ನೋಡಬೇಕು. ಎಣ್ಣೆ ಸೋರುವ ಜಾಗವನ್ನು ಬೆರಳಿನಿಂದ ಹುಡುಕಬಾರದು. ರಟ್ಟಿನ ತುಂಡನ್ನು ಹಿಡಿದು ನೋಡಬೇಕು. ಸೂಜಿಯಂತೆ ಚಿಮ್ಮುವ ಎಣ್ಣೆಯು ಚರ್ಮವನ್ನು ತೂರಿ ಒಳಹೋಗುತ್ತದೆ. ಗಾಯವು ಸಾಸುವೆಯಷ್ಟು ಕಂಡರೂ ಆ ಕ್ಷಣವೇ ಆಸ್ಪತ್ರೆಗೆ ಒಯ್ಯತಕ್ಕದ್ದು.

ಮೇಲೆ ಹೇಳಿದ ಕೊಟ್ಟಿಗೆಯಲ್ಲಿ ಚಾಲಕನು ಕುಳಿತಲ್ಲಿಂದಲೇ ತೋಳನ್ನು ಇಳಿಸಿದ ಮೇಲೆ ಪರೀಕ್ಷೆಗೆ ತೊಡಗಲಾಯಿತು. ಫಿಲ್ಟರಿನ ತಳದಿಂದ ಅರ್ಧ ಲೋಟದಷ್ಟು ನೀರು ಹೊರಬಂದಿತು. ಡೀಸೆಲ್ಲಿನ ಪೀಪಾಯಿಯನ್ನು ಮುಚ್ಚಳ ಬಿಗಿಯದೆ ಮಳೆಯಲ್ಲಿ ಬಿಟ್ಟಿದ್ದರು. ತೊಟ್ಟಿಯ ಡೀಸೆಲ್ಲನ್ನು ಬದಲಿಸಿ ಗಾಳಿ ತೆಗೆದಾಗ ಒಂದು ಗಂಟೆಯೊಳಗೆ ಯಂತ್ರವು ತಾನಾಗಿಯೇ ಹೊರಗೆ ಬಂದಿತು. ಹಸುಗಳನ್ನು ಅಂದೇ ಕರೆದರು. ಹಗ್ಗವನ್ನು ಎಳೆದಿದ್ದರೆ ನೀರಿನ ದೋಷದ ಜತೆಗೆ ಮೋಟರಿನ ದೋಷವೂ ಸೇರುತ್ತಿತ್ತು.

ಸಾಗಿಸುವ ಕ್ರಮ

ದೋಷವು ಸ್ಥಳದಲ್ಲಿ ನೀಗದಿದ್ದರೆ ಮಾತ್ರ ಯಂತ್ರವನ್ನು ಕದಲಿಸಬೇಕು. ಮೊದಲು ತಯಾರಕರ ಕೈಪಿಡಿಯನ್ನು ಓದತಕ್ಕದ್ದು. ಕೆಲವು ಮಾದರಿಗಳಲ್ಲಿ ಎಣ್ಣೆಗೆ ಬೇರೆ ದಾರಿ ಕೊಡುವ ಕವಾಟವೂ ಬ್ರೇಕನ್ನು ಬಿಡಿಸುವ ಉಪಾಯವೂ ಉಂಟು. ಅಂಥವನ್ನು ಅತಿ ನಿಧಾನವಾಗಿ, ಸ್ವಲ್ಪ ದೂರ ಮಾತ್ರ ಎಳೆಯಬಹುದು. ಇನ್ನು ಕೆಲವಕ್ಕೆ ಎಳೆಯುವ ವಿಧಾನವನ್ನೇ ತಯಾರಕರು ಹೇಳಿಲ್ಲ. ಕ್ರೇನಿನಿಂದ ಎತ್ತುವುದು, ಅಥವಾ ಚಕ್ರಗಳು ಉರುಳದಂತೆ ಕೆಲವೇ ಅಡಿ ಜಾರಿಸಿ ವಾಹನಕ್ಕೇರಿಸುವುದು, ಇಷ್ಟೇ ಮಾರ್ಗ. ಜಾರಿಸುವುದರಿಂದ ಟೈರು ಸ್ವಲ್ಪ ಸವೆಯಬಹುದು. ಆದರೆ ಮೋಟರಿನ ಮುಂದೆ ಟೈರು ಅಗ್ಗ.

ಸರಪಳಿಯು ಯಂತ್ರದ ತೂಕದ ಒಂದೂವರೆಯಷ್ಟನ್ನಾದರೂ ತಾಳುವಂಥದಿರಬೇಕು. 3000 ಕಿಲೋಗ್ರಾಂ ತೂಗುವ ಯಂತ್ರಕ್ಕೆ 4500 ಕಿಲೋಗ್ರಾಮಿನ ಸಾಮರ್ಥ್ಯ ಬೇಕು. ಕೆಸರಿನಲ್ಲಿ ಹೂತಿದ್ದರೆ ಇನ್ನೂ ಹೆಚ್ಚು. ಬಾವಿಯ ಹಗ್ಗವಾಗಲಿ ಗಂಟು ಹಾಕಿದ ತಂತಿಯಾಗಲಿ ಇದಕ್ಕೆ ಸಲ್ಲದು. ಕೊಂಡಿಯನ್ನು ನಿಗದಿಯಾದ ಜಾಗಕ್ಕೇ ಹಾಕಬೇಕು. ತೋಳಿಗೂ ಬಕೆಟ್ಟಿಗೂ ಹಾಕಬಾರದು. ಎಳೆಯುವಾಗ ಜಗ್ಗದೆ ಸಮವಾಗಿ ಎಳೆಯಬೇಕು. ಸರಪಳಿ ಹರಿದರೆ ಚಾವಟಿಯಂತೆ ಬೀಸುವುದರಿಂದ ಅದರ ಹತ್ತಿರ ಯಾರೂ ನಿಲ್ಲಬಾರದು. ಬರಿಯ ಬಕೆಟ್ಟಿನ ಯಂತ್ರದ ತೂಕವು ಹಿಂಭಾಗದಲ್ಲಿ ಹೆಚ್ಚಾಗಿರುವುದರಿಂದ, ಇಳಿಜಾರು ಹಲಗೆಯ ಮೇಲೆ ಹಿಂಭಾಗವೇ ಮುಂದಾಗಿ ಏರಬೇಕು. ಏರಿಸಿದ ಮೇಲೆ ಬಕೆಟ್ಟನ್ನು ತಳಕ್ಕೆ ಊರಿ, ಮುಂದೆಯೂ ಹಿಂದೆಯೂ ಬಿಗಿಯಾಗಿ ಕಟ್ಟತಕ್ಕದ್ದು.

ಗ್ರಾಮದ ಮುಖಂಡರಲ್ಲಿಯೂ ಭೂಮಾಲಿಕರಲ್ಲಿಯೂ ವಿಜ್ಞಾಪನೆಯಿಷ್ಟೆ. ಯಂತ್ರವನ್ನು ಗೊತ್ತುಮಾಡುವಾಗ ಅದರ ಕೈಪಿಡಿಯೂ ತೋಳಿನ ಆಧಾರವೂ ಸಂಗಡ ಬಂದಿವೆಯೇ, ಚಾಲಕನು ತೋಳನ್ನು ಇಳಿಸಿ ತೋರಿಸಬಲ್ಲನೇ ಎಂದು ಮೊದಲೇ ಕೇಳಿರಿ. ಕೆಟ್ಟು ನಿಂತ ದಿನ ಸುತ್ತಲೂ ಹತ್ತು ಮಂದಿ ಹತ್ತು ಉಪಾಯ ಹೇಳುವರು. ಹಗ್ಗ ತರುವವರೂ ಇರುವರು. ಆ ಹೊತ್ತಿನಲ್ಲಿ ಅವರನ್ನು ದೂರ ನಿಲ್ಲಿಸಿ, ಮೊದಲು ತೋಳು ನೆಲಕ್ಕಿಳಿಯಲೆಂದು ಗಟ್ಟಿಯಾಗಿ ಹೇಳುವ ಒಬ್ಬ ಹಿರಿಯನಿದ್ದರೆ ಯಂತ್ರವೂ ಉಳಿಯುವುದು, ಚಾಲಕನೂ ಸಂಜೆಗೆ ಮನೆ ಸೇರುವನು.