ಗುಡ್ಡದ ಊರಿಗೆ ಒಬ್ಬ ಸ್ಕೌಟ್ ಮಾಸ್ಟರ್ ಬೇಕು

ದಸರಾ ಹೊತ್ತು, ರಾಣೆಬೆನ್ನೂರು ಕಡೆಯ ದೇವರಗುಡ್ಡ. ಮಾಲತೇಶ ದೇವರ ಗೊರವಯ್ಯ ಬಿಲ್ಲೇರಿ ‘ಸದ್ದಲೇ’ ಅಂದರೆ ಸಾವಿರಾರು ಜನ ಗಪ್‌ಚುಪ್. ಆ ಭವಿಷ್ಯವಾಣಿ, ಅಂದರೆ ಕಾರಣಿಕ, ಮುಗಿದ ಮೇಲೆ? ನೂಕುನುಗ್ಗಲು, ಕೈತಪ್ಪಿದ ಮಕ್ಕಳು, ಬಿಸಿಲಿಗೆ ತಲೆ ಸುತ್ತಿದ ಅಜ್ಜಿಯರು. ಇಂಥ ಕಡೆ ನೀರು ಕೊಡುವ, ದಾರಿ ತೋರುವ, ಗಾಯಕ್ಕೆ ಪಟ್ಟಿ ಕಟ್ಟುವ ಹುಡುಗ ಹುಡುಗಿಯರನ್ನು ತಯಾರು ಮಾಡುವುದೇ ಸ್ಕೌಟ್ಸ್ ಮತ್ತು ಗೈಡ್ಸ್.

ಭಾರತದಲ್ಲಿ ಈ ಚಳವಳಿ ಶುರುವಾದದ್ದು ನಮ್ಮ ಬೆಂಗಳೂರಿನಲ್ಲೇ, 1909ರಲ್ಲಿ. ಬೇರೆ ಬೇರೆ ಸಂಘಗಳು ಕೂಡಿ ‘ಭಾರತ್ ಸ್ಕೌಟ್ಸ್ ಮತ್ತು ಗೈಡ್ಸ್’ ಆದದ್ದು 1950ರ ನವೆಂಬರ್ 7ರಂದು.

ಮಕ್ಕಳು ಸಿಗುತ್ತಾರೆ, ಕೊರತೆ ಇರುವುದು ದೊಡ್ಡವರದು. ಸ್ಕೌಟ್ ಮಾಸ್ಟರ್, ಗೈಡ್ ಕ್ಯಾಪ್ಟನ್ ಸಂಬಳದ ಕೆಲಸವಲ್ಲ. ವಾರಕ್ಕೊಂದು ಸಂಜೆ ಮೈದಾನಕ್ಕೆ ಬರಬೇಕು. ಗಂಟು ಕಟ್ಟುವುದು, ಪ್ರಥಮ ಚಿಕಿತ್ಸೆ, ಡೇರೆ ಹಾಕುವುದು, ಒಲೆ ಹೂಡಿ ಅಡುಗೆ ಮಾಡುವುದನ್ನು ಕಲಿಸಬೇಕು. ಆಮೇಲೆ ಹಿಂದೆ ಸರಿದು ನಿಲ್ಲಬೇಕು. ಇದೇ ಕಷ್ಟದ ಭಾಗ, ಇದೇ ನಿಜವಾದ ಕೆಲಸ. ಆರೆಂಟು ಮಕ್ಕಳ ತಂಡಕ್ಕೆ ಅವರಲ್ಲೇ ಒಬ್ಬರು ನಾಯಕರು. ಅನ್ನ ಸೀದರೂ ಸೌಟು ಅವರ ಕೈಯಲ್ಲೇ ಇರಲಿ.

ಒಂದು ಮಾತು ಮರೆಯಬೇಡಿ: ಯಾವ ಮಗುವಿನ ಜೊತೆಗೂ ದೊಡ್ಡವರೊಬ್ಬರೇ ಒಂಟಿಯಾಗಿ ಇರಬಾರದು. ಪಾಲಕರು ಇದನ್ನು ಕೇಳಿಯೇ ಕಳಿಸಲಿ.

ಕಲಿಸಲು ಬರುವುದಿಲ್ಲ ಅಂತ ಹಿಂಜರಿಯಬೇಡಿ, ದೊಡ್ಡವರಿಗೂ ತರಬೇತಿ ಶಿಬಿರಗಳಿವೆ. ಹರಿಹರದ ಹತ್ತಿರದ ಕೊಂಡಜ್ಜಿಯಲ್ಲೇ ತರಬೇತಿ ಕೇಂದ್ರವಿದೆ. ರಾಣೆಬೆನ್ನೂರು, ಬ್ಯಾಡಗಿಯವರಿಗೆ ಅದೇನು ದೂರ?

ನಾಳೆಯೇ ನಿಮ್ಮೂರ ಹೈಸ್ಕೂಲಿಗೆ ಹೋಗಿ, ಹೆಡ್‌ಮಾಸ್ತರರನ್ನು ಕೇಳಿ: ‘ಸರ್, ನಮ್ಮಲ್ಲಿ ಸ್ಕೌಟ್ ದಳ ಐತೇನ್ರಿ? ಇಲ್ಲದಿದ್ರ ನಾ ಬರ್ತೇನ್ರಿ.’